ಅವ್ವ ಕೇಳಿಸಿಕೊಂಡ ಕ್ಷುದ್ರಗ್ರಹ

ಟಿವಿಯವರು ಅದನ್ನು ಕ್ಷುದ್ರಗ್ರಹ ಎಂದರು. ಪಾಠದ ಪುಸ್ತಕದಲ್ಲೂ ಅದೇ ಪದ. ಚಿಕ್ಕ ಗ್ರಹ ಎಂದಷ್ಟೇ ಅರ್ಥ. ನಮ್ಮವ್ವನಿಗೆ ಕ್ಷುದ್ರವೆಂದರೆ ಮಾಟ, ಗ್ರಹವೆಂದರೆ ಶನಿ. ಎರಡೂ ಕೂಡಿಕೊಂಡು ಭೂಮಿಯ ಕಡೆ ಬರುತ್ತಿವೆ ಎಂದು ಅವಳು ಕೇಳಿಸಿಕೊಂಡಳು.

ಬಾಹ್ಯಾಕಾಶದ ಅಂಥ ಕಲ್ಲುಗಳು ಭೂಮಿಗೆ ಬಡಿಯದಂತೆ ತಡೆಯುವುದು ಹೇಗೆಂದು ತಿಳಿಯಲು ಹೊರದೇಶದ ನೌಕೆಯೊಂದು ಆ ಮಧ್ಯಾಹ್ನ ಹಾರಬೇಕಿತ್ತು. ಹೆರಿಗೆಗೆಂದು ದೊಡ್ಡಆಲಹಳ್ಳಿಯ ನಮ್ಮ ಮನೆಗೆ ಬಂದಿದ್ದ ತಂಗಿಯ ಹೊಟ್ಟೆಯಲ್ಲಿ ಬೆಳಿಗ್ಗೆಯಿಂದ ಮಗು ಅಲುಗಾಡಿರಲಿಲ್ಲ. ಕನಕಪುರದ ಆಸ್ಪತ್ರೆಗೆ ಹೋಗಲು ನಾನು ಆಟೊ ತಂದು ನಿಲ್ಲಿಸಿದ್ದೆ. ಅವ್ವ ಗ್ರಹಣಕ್ಕೆ ಮಾಡುವಂತೆ ಕಿಟಕಿ ಮುಚ್ಚಿ, ನೀರಿನ ಕೊಡಕ್ಕೆ ಗರಿಕೆ ಹಾಕಿ, ಬಾಗಿಲಿಗೆ ಅಡ್ಡ ಕೂತಿದ್ದಳು.

“ರಾಕೆಟ್ ಮೇಲಕ್ಕೋಗಿ ಅದುನ್ನ ತಡೀಲಿ, ಆಮ್ಯಾಕೆ ಕರ್ಕೊಂಡೋಗು. ಬಸುರಿ ಹೆಂಗ್ಸುನ್ನ ಇಂಥ ಗಳ್ಗೇಲಿ ಹೊಸ್ಲು ದಾಟ್ಸಕ್ಕಾಯ್ತದಾ?”

“ಅದು ಬರೀ ಕಲ್ಲು ಕಣವ್ವ.”

“ಬರೀ ಕಲ್ಲಾದ್ರೆ ಅಷ್ಟ್ ದೊಡ್ಡೋರು ಯಾಕ್ಲಾ ಹೆದ್ರಿ ರಾಕೆಟ್ ಬುಡ್ತಾವ್ರೆ?”

ಹೊರಗಿನಿಂದ ಆಟೊದವನು ಕೂಗಿದ: “ಏನ್ಲಾ, ಬತ್ತೀರೋ ಇಲ್ಲ ಆ ರಾಕೆಟ್ನಲ್ಲೇ ಹೋಯ್ತೀರೋ?” ತಂಗಿ ಗೋಡೆಗೊರಗಿ ಹೊಟ್ಟೆಯನ್ನು ಅಲ್ಲಲ್ಲಿ ಮೆಲ್ಲಗೆ ಒತ್ತಿ ನೋಡಿಕೊಳ್ಳುತ್ತಿದ್ದಳು. “ಅಣ್ಣ, ಒಸಿ ಬೇಗ,” ಎಂದಳು. ಅಷ್ಟೇ.

ಟಿವಿಯ ಪರದೆಯ ಮೇಲೆ ಇಳಿಎಣಿಕೆ ನಿಂತಿತು. ಗಾಳಿ ಜೋರು, ಉಡಾವಣೆ ನಾಳೆಗೆ ಎಂಬ ಸಾಲು ಕೆಳಗೆ ಓಡಿತು. ಅವ್ವನಿಗೆ ಓದಲು ಬರುವುದಿಲ್ಲ. ಟಿವಿಯ ಧ್ವನಿಯನ್ನು ನಾನು ಆಗಲೇ ಅಡಗಿಸಿದ್ದೆ. ಹಿಂದೆಂದೋ ಹಾರಿದ್ದ ರಾಕೆಟ್ಟೊಂದನ್ನು ತೋರಿಸತೊಡಗಿದರು.

“ಹಾರ್ತು ಕಣವ್ವ, ಏಳು,” ಎಂದೆ.

ಅವಳು ಆ ಬೆಂಕಿಗೆ ಕೈಮುಗಿದು ಬಾಗಿಲು ಬಿಟ್ಟಳು.

ಆಪರೇಶನ್ ಮಾಡಿ ಮಗುವನ್ನು ತೆಗೆದರು. ಅದು ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಾಯಿಗೆ ಉಸಿರಾಟದ ಯಂತ್ರದ ನಳಿಗೆ ಹಾಕಿದರು. “ಇನ್ನೊಂದಿಷ್ಟು ಮುಂಚೆ ತಂದಿದ್ದರೆ,” ಎಂದು ಶುರುಮಾಡಿದ ಡಾಕ್ಟರು ಮಾತು ಮುಗಿಸಲಿಲ್ಲ.

ಮರುದಿನ ಆಸ್ಪತ್ರೆಯ ಟಿವಿಯಲ್ಲಿ ನೌಕೆ ನಿಜಕ್ಕೂ ಹಾರಿತು. ಬೆಂಚಿನ ಮೇಲೆ ಕಾಯುತ್ತಿದ್ದವರು ಯಾರೋ ಚಪ್ಪಾಳೆ ತಟ್ಟಿದರು. ಅವ್ವ ಪರದೆಯ ಹತ್ತಿರ ಹೋಗಿ ನೋಡಿ, ನನ್ನ ಬಳಿ ಬಂದಳು.

“ನೆನ್ನೆ ಹಾರ್ತು ಅಂದ್ಯಲ್ಲಪ್ಪ?”

“ಇದು ಇನ್ನೊಂದು ಕಣವ್ವ.”

ಅವಳು ಮತ್ತೊಮ್ಮೆ ಪರದೆಯತ್ತ ತಿರುಗಿದಳು.

“ಹಂಗಾದ್ರೆ ಗ್ರಹ ಎಲ್ಡ್ ಬತ್ತಾ ಅವಾ?”

ಆಮೇಲೆ ಅವಳು ಮಗುವಿದ್ದ ಕೋಣೆಯ ಗಾಜಿನ ಮುಂದೆ ಹೋಗಿ ನಿಂತು, ಎರಡೂ ಕೈಯಲ್ಲಿ ಸೆರಗು ಅಗಲಿಸಿ ಅದಕ್ಕೆ ಅಡ್ಡ ಹಿಡಿದಳು. ಸಂಜೆ ನರ್ಸು ಬಂದು ಯಂತ್ರ ನಿಲ್ಲಿಸಿದೆವು ಎನ್ನುವವರೆಗೂ ಇಳಿಸಲಿಲ್ಲ.