ಕೆಡದ ಬಸ್ಸುಗಳ ಮೇಸ್ತ್ರಿ

ನಮ್ಮ ಡಿಪೋದ ಹಿರಿಯ ಮೆಕ್ಯಾನಿಕ್‌ಗೆ ತೇಪೆ ಮೇಸ್ತ್ರಿ ಎಂದೇ ಹೆಸರು. ನಾನು ಅಲ್ಲಿಯ ಪಾಸ್ ಕೌಂಟರಿನಲ್ಲಿ ಕೂರುವವಳು. ಕಿಟಕಿಯಿಂದ ತಲೆ ಎತ್ತಿದರೆ ಕಾಣುತ್ತಿದ್ದುದು ಯಾವುದೋ ಬಸ್ಸಿನ ಅಡಿಯಿಂದ ಹೊರಚಾಚಿದ ಅವರ ಕಾಲುಗಳೇ.

ರಾಜಧಾನಿಯ ಕಡೆ ಓಡಿ ಸುಸ್ತಾದ ಬಸ್ಸುಗಳಿಗೆ ಬಣ್ಣ ಬಳಿದು ನಮ್ಮ ಭಾಗಕ್ಕೆ ಸಾಗಹಾಕುವುದು ಸಾರಿಗೆ ಇಲಾಖೆಯ ಹಳೆಯ ಚಾಳಿ. ಅಣ್ಣ ತೊಟ್ಟು ಬಿಟ್ಟ ಅಂಗಿ ತಮ್ಮನಿಗೆ. ತಮ್ಮನೂ ತೆರಿಗೆ ಕಟ್ಟುತ್ತಾನೆ ಎನ್ನುವುದು ಯಾರಿಗೂ ನೆನಪಿರುವುದಿಲ್ಲ. ಆ ಮುದಿ ಬಸ್ಸುಗಳನ್ನು ಮೇಸ್ತ್ರಿ ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಕೂಡಿಸಿ ಓಡಿಸುತ್ತಿದ್ದರು. ತಮ್ಮ ಡಿಪೋದ ಬಸ್ಸು ಕೆಟ್ಟಿತು ಎಂಬ ಮಾತನ್ನೇ ಅವರು ಸಹಿಸುತ್ತಿರಲಿಲ್ಲ. ಡ್ರೈವರುಗಳು ದೂರು ತಂದರೆ, "ಕೆಟ್ಟಿಲ್ಲ ಕಣಯ್ಯಾ, ಮುನಿಸ್ಕೊಂಡಿದೆ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು.

ಆ ವರ್ಷ ಹೊಸ ಬಸ್ಸುಗಳ ಹಣವನ್ನು ಯಾವ ಭಾಗಕ್ಕೆ ಎಷ್ಟು ಹಂಚಬೇಕೆಂದು ನೋಡಲು ದೊಡ್ಡ ಅಧಿಕಾರಿಯೊಬ್ಬರು ಬಂದರು. "ಇದ್ದದ್ದು ಇದ್ದ ಹಾಗೆ ಹೇಳಿ ಮಹಾರಾಯ್ರೇ" ಎಂದು ಮ್ಯಾನೇಜರು ಮೇಸ್ತ್ರಿಯ ಕೈ ಹಿಡಿದು ಬೇಡಿಕೊಂಡಿದ್ದರು. ಅಧಿಕಾರಿ ಗುಡ್ಡದ ದಾರಿಗೆ ಹೋಗುವ ಬಸ್ಸಿನ ಮುಂದೆ ನಿಂತರು.

"ಇದು ಇನ್ನೂ ಓಡುತ್ತಾ?"

ಮೇಸ್ತ್ರಿಯ ಎದೆ ಉಬ್ಬಿತು. "ನಾನಿರೋವರೆಗೂ ಓಡುತ್ತೆ ಸಾರ್."

ಮ್ಯಾನೇಜರು ಹಣೆ ಚಚ್ಚಿಕೊಂಡರು. ಅಧಿಕಾರಿ ಮೇಸ್ತ್ರಿಯ ಬೆನ್ನು ತಟ್ಟಿ ಹೋದರು. ಅಳದ ಮಗುವಿಗೆ ಹೆತ್ತವಳೂ ಹಾಲು ಕೊಡುವುದಿಲ್ಲ, ಇಲಾಖೆ ಕೊಡುತ್ತದೆಯೇ? ಬಸ್ಸುಗಳು ಸಾಲಾಗಿ ಕೆಟ್ಟು ನಿಂತಿವೆ ಎಂದು ಗೋಳಾಡಿದ ರಾಜಧಾನಿಗೇ ಹಣವೆಲ್ಲ ಹೋಯಿತು. ನಮ್ಮ ಭಾಗಕ್ಕೆ ಸಿಕ್ಕಿದ್ದು ಮೆಚ್ಚುಗೆ. ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಇಲಾಖೆಯವರ ಮೇಲೋ ಮೇಸ್ತ್ರಿಯ ಮೇಲೋ, ಇವತ್ತಿಗೂ ಹೇಳಲಾರೆ.

ಗುಡ್ಡದ ಬಸ್ಸಿನ ಡ್ರೈವರು ಮೇಸ್ತ್ರಿಯ ಸ್ವಂತ ಅಳಿಯ. ಒಬ್ಬಳೇ ಮಗಳ ಗಂಡ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವನು ಬಂದು ನಿಂತ.

"ಮಾವ, ಇಳಿಜಾರಲ್ಲಿ ಬ್ರೇಕ್ ಸರಿಯಾಗಿ ಹಿಡೀತಿಲ್ಲ. ಇವತ್ತು ಈ ಗಾಡಿ ನಿಲ್ಲಿಸ್ಬಿಡಿ."

ಬದಲಿ ಬಸ್ಸು ಇರಲಿಲ್ಲ, ಹೊಸ ಬಿಡಿಭಾಗವೂ ಇರಲಿಲ್ಲ. ಅದನ್ನು ನಿಲ್ಲಿಸಿದರೆ ಗುಡ್ಡದ ಮೇಲಿನವರಿಗೆ ಆಸ್ಪತ್ರೆಗೆ ಬರಲು ಬೇರೆ ದಾರಿಯಿರಲಿಲ್ಲ. ಇದೆಲ್ಲ ನಿಜವೇ. ಆದರೆ ಕೆಟ್ಟಿದೆ ಎನ್ನಲು ಮೇಸ್ತ್ರಿಗೆ ನಾಲಿಗೆ ಹೊರಳಲಿಲ್ಲ ಎನ್ನುವುದೂ ಅಷ್ಟೇ ನಿಜ. ಬಸ್ಸಿನಡಿ ತೂರಿ, ಏನೋ ಬಿಗಿದು, ಎದ್ದು ಬಂದರು.

"ಹೋಗಪ್ಪಾ, ಏನೂ ಆಗಲ್ಲ. ಸಂಜೆಗೆ ಇನ್ನೊಂದ್ಸಲ ನೋಡ್ತೀನಿ."

ಅಳಿಯ ಎದುರಾಡುವವನಲ್ಲ. ಹೋದ.

ಇಳಿಯುವಾಗ ಬ್ರೇಕು ಪೂರ್ತಿ ಕೈಕೊಟ್ಟಿತು. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಬಂಡೆ. ಅವನು ಬಸ್ಸನ್ನು ಬಂಡೆಯ ಕಡೆಗೆ, ತಾನು ಕೂತ ಬದಿಯನ್ನೇ ಒಡ್ಡಿ, ತಿರುಗಿಸಿದ. ಪ್ರಯಾಣಿಕರು ಕೈಕಾಲು ಮುರಿದುಕೊಂಡು ಬದುಕಿದರು. ಅವನನ್ನು ಹೊರತೆಗೆಯಲು ತಗಡು ಕತ್ತರಿಸಬೇಕಾಯಿತು. ಕತ್ತರಿಸುವುದು ಚೆನ್ನಾಗಿ ಬಲ್ಲವರು ಮೇಸ್ತ್ರಿಯೊಬ್ಬರೇ. ಅವರೇ ಕತ್ತರಿಸಿದರು.

ಆಮೇಲೆ ಪತ್ರಿಕೆಗಳು ಕೂಗಿದವು. ಇಲಾಖೆಗೆ ಎಚ್ಚರವಾಯಿತು. ನಮ್ಮ ಭಾಗಕ್ಕೆ ಹಣ ಬಂತು, ಡಿಪೋಕ್ಕೆ ಹೊಸ ಬಸ್ಸು ಬಂತು. ಗಂಡ ಸತ್ತದ್ದಕ್ಕೆ ಅನುಕಂಪದ ಮೇಲೆ ಮೇಸ್ತ್ರಿಯ ಮಗಳಿಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಅವಳನ್ನು ಹಾಕಿದ್ದು ಅದೇ ಗುಡ್ಡದ ದಾರಿಯ ಹೊಸ ಬಸ್ಸಿಗೆ. ಅಪ್ಪನ ಮನೆಯಲ್ಲೇ ಇದ್ದಳು, ಅಡುಗೆ ಮಾಡಿ ಬಡಿಸುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ.

ಆ ಹೊಸ ಬಸ್ಸು ಹೊರಡುವ ಮೊದಲ ದಿನ ನಾವೆಲ್ಲ ಅಂಗಳದಲ್ಲಿ ಸೇರಿದ್ದೆವು. ಅವಳು ಟಿಕೆಟ್ ಮೆಷಿನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿ ಎಂದಿನಂತೆ ಸ್ಪ್ಯಾನರು ಹಿಡಿದು ಬಂದು ಬಸ್ಸಿನಡಿ ಬಗ್ಗಿದರು.

"ಅಪ್ಪಾ," ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ಅವರನ್ನು ಕರೆದಿದ್ದು. ಮೇಸ್ತ್ರಿಯ ಮುಖ ಅರಳಿತು.

"ಇದನ್ನ ನೀನು ಮುಟ್ಟಬೇಡ."

ಮೇಸ್ತ್ರಿ ಮೊಣಕಾಲು ಹಿಡಿದು ಮೆಲ್ಲಗೆ ಎದ್ದು, ಬಸ್ಸಿಗೆ ದಾರಿ ಬಿಟ್ಟು ನಿಂತರು.