ಕಪ್ಪಾದ ಪರದೆ, ಕೆಟ್ಟ ಬಾಯಿ

ಬೆಳಗ್ಗೆ ಕಂಪ್ಯೂಟರಿನ ಸ್ವಿಚ್ ಒತ್ತಿದರೆ ಫ್ಯಾನು ಗುರ್ರೆಂದಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಗೇ ಇತ್ತು. ಮತ್ತೆ ಒತ್ತಿದೆ. ಅದೇ ಕಪ್ಪು. ಅಯ್ಯೋ ಶಿವನೇ, ಇವತ್ತೇ ಆಗಬೇಕಿತ್ತೇ ಇದು! ಮೂರು ಹೈಸ್ಕೂಲುಗಳ ಪ್ರಶ್ನೆಪತ್ರಿಕೆ ಆ ಹಳೇ ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ಸಂಜೆಯೊಳಗೆ ಚನ್ನಪಟ್ಟಣದ ಪ್ರೆಸ್ಸಿಗೆ ಕೊಡಬೇಕು. ಇನ್ನೊಂದು ಸಲ ತಡವಾದರೆ ಟೈಪಿಂಗ್ ಕೆಲಸ ಬೇರೆಯವರಿಗೆ ಎಂದು ಪ್ರೆಸ್ಸಿನವರು ಮೊದಲೇ ಹೇಳಿದ್ದರು. ಅಕ್ಕೂರಿನ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಕೆಲಸ. ಉಳಿದದ್ದೆಲ್ಲ ಹಿಪ್ಪುನೇರಳೆ ಸೊಪ್ಪು, ರೇಷ್ಮೆಹುಳು, ಮುದ್ದೆ.

ವೈರು ಕಿತ್ತು ಹಾಕಿದೆ. ಪಕ್ಕದ ಮನೆಯಿಂದ ಬೇರೆ ವೈರು ತಂದು ಹಾಕಿದೆ. ಪರದೆಯ ತಲೆಗೆ ಎರಡೇಟು ಕೊಟ್ಟೆ. ಏನು ಮಾಡಿದರೂ ಜೀವ ಬರಲಿಲ್ಲ. ಆಗ ನನಗೆ ಹೊಳೆದದ್ದು ಒಂದೇ: ಇದು ಅಕ್ಕನ ಕೈವಾಡ.

ಅಕ್ಕ ಎಂದರೆ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ನನ್ನ ಮೇಜು ಇದ್ದದ್ದು ಹುಳುಮನೆಯ ಮೂಲೆಯಲ್ಲಿ. ಅದನ್ನು ಎತ್ತಿದರೆ ಹುಳುವಿನ ತಟ್ಟೆಗಳಿಗೆ ಇನ್ನೊಂದು ಸ್ಟ್ಯಾಂಡ್ ಹಾಕಬಹುದು ಎಂದು ಅವಳು ವಾರದಿಂದ ಗೊಣಗುತ್ತಿದ್ದಳು. ಅಂಗಳದಲ್ಲಿ ಅವಳು ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಇಡುತ್ತಿದ್ದಳು. ಹೋಗಿ ಎದುರು ನಿಂತೆ.

"ಕಂಪ್ಯೂಟ್ರಿಗೆ ಏನ್ ಮಾಡ್ದೆ ಅಕ್ಕ?"

"ನಾನ್ಯಾಕವ್ವ ಮುಟ್ಲಿ ನಿನ್ ಡಬ್ಬವ? ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ!"

ಮೈಯೆಲ್ಲ ಉರಿದುಹೋಯಿತು. "ನಿಂಗೇನು, ಮಕ್ಳಾ ಮರೀನಾ? ಇನ್ನೊಬ್ರ ಕೆಲ್ಸ ಹಾಳ್ ಮಾಡೋದೊಂದೇ ನಿನ್ ಕೆಲ್ಸ!" ಅಂದುಬಿಟ್ಟೆ.

ಅವಳಿಗೆ ಮದುವೆಯಾಗಿ ಹದಿನಾಲ್ಕು ವರ್ಷ. ಮಕ್ಕಳಾಗಿರಲಿಲ್ಲ. ಕೈಯಲ್ಲಿದ್ದ ಚಂದ್ರಿಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ನನಗೆ ಅಯ್ಯೋ ಅನಿಸಲಿಲ್ಲ. ಸರಿಯಾಗಿ ಕೊಟ್ಟೆ ಅನಿಸಿತು.

ಮಧ್ಯಾಹ್ನ ಚನ್ನಪಟ್ಟಣದಿಂದ ರಿಪೇರಿಯವನು ಬಂದ. ಪರದೆಯ ಕಡೆ ಅವನು ನೋಡಲೇ ಇಲ್ಲ. ಮೇಜಿನ ಕೆಳಗೆ ನೆಲದ ಮೇಲಿದ್ದ ಡಬ್ಬ ಎಳೆದು ಮುಚ್ಚಳ ಬಿಚ್ಚಿದ. ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯಿತು. ಒಳಗಿಂದ ರ್‍ಯಾಮ್ ಎನ್ನುವ ಸಣ್ಣ ಪಟ್ಟಿ ಕಿತ್ತು ತೋರಿಸಿದ. ಅದರ ಹೊಳೆಯುವ ಅಂಚು ಮಾಸಿ ಹಸಿರಾಗಿತ್ತು.

"ಏನಕ್ಕ ಇದು, ಒಳ್ಗೆಲ್ಲ ಸುಣ್ಣ ಐತೆ! ಯಾರ್ ಹೊಡ್ದಿದ್ದು ಔಸ್ದಿಯ?"

ಹೊಡೆದವಳು ನಾನೇ. ಹೊಸ ಹುಳು ತರುವ ಮುಂಚೆ ರೋಗ ತಗುಲದಿರಲಿ ಎಂದು ಹುಳುಮನೆಗೆಲ್ಲ ಬ್ಲೀಚಿಂಗ್ ನೀರು ಹೊಡೆದು, ಸುಣ್ಣ ಎರಚಿ, ಬಾಗಿಲು ಹಾಕಿಬಿಡುತ್ತೇವೆ. ನಾಲ್ಕು ದಿನದ ಹಿಂದೆ ಪಂಪು ಬೆನ್ನಿಗೆ ಕಟ್ಟಿಕೊಂಡು ಗೋಡೆ, ನೆಲ, ಸಂದುಗೊಂದು ಬಿಡದೆ ಹೊಡೆದಿದ್ದೆ. ಪರದೆಗೆ ಹಳೇ ಸೀರೆಯನ್ನು ಎರಡು ಮಡಿಕೆ ಮಾಡಿ ಹೊದಿಸಿದ್ದೆ. ನನ್ನ ಪಾಲಿಗೆ ಕಂಪ್ಯೂಟರ್ ಎಂದರೆ ಪರದೆ. ಕೆಳಗಿನ ಡಬ್ಬವನ್ನು ಮುಚ್ಚಬೇಕೆಂದು ಹೊಳೆಯಲೇ ಇಲ್ಲ, ದಡ್ಡಿ!

ಅವನು ಬ್ರಷ್ಷಿನಲ್ಲಿ ಸುಣ್ಣ ಕೊಡವಿದ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಟ್ಟಿಯ ಅಂಚನ್ನು ತಿಕ್ಕಿ ತಿಕ್ಕಿ ಮತ್ತೆ ಸಿಕ್ಕಿಸಿದ. ಪರದೆ ಬೆಳಗಿತು. ಪ್ರಶ್ನೆಗಳು ಇದ್ದ ಹಾಗೇ ಇದ್ದವು. ಅಷ್ಟರಲ್ಲಿ ಅಕ್ಕ ಅವನಿಗೆ ಕಾಫಿ ತಂದು ಕೊಟ್ಟು ಬಾಗಿಲಲ್ಲಿ ನಿಂತಿದ್ದಳು.

"ಯಾರ್ ಹೊಡ್ದಿದ್ದು ಅಂತ ಹೇಳ್ಲೇ ಇಲ್ವಲ್ಲಕ್ಕ. ಅವ್ರಿಗೆ ಒಸಿ ಬುದ್ಧಿ ಹೇಳಿ," ಅಂದ ಅವನು ನನ್ನ ಕಡೆ ತಿರುಗಿ.

"ಹೇಳವ್ವ," ಅಂದಳು ಅಕ್ಕ. "ನಾನೂ ಕೇಳುಸ್ಕೋತೀನಿ."

ಆ ದಿನ ಪಂಪಿಗೆ ನೀರು ತುಂಬಿಕೊಟ್ಟವಳು ಅವಳೇ. ನಾನೇ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಳು ಸೊಕ್ಕು ಬಿಡಬೇಕಲ್ಲ!

"ಯಾವನೋ ಕೂಲಿಯವನು," ಅಂದೆ.

ರಿಪೇರಿಯವನು ತಲೆಯಾಡಿಸಿ ಕಾಫಿ ಕುಡಿದ. ಅಕ್ಕ ಖಾಲಿ ಲೋಟ ಇಸಿದುಕೊಂಡರೂ ಒಳಗೆ ಹೋಗಲಿಲ್ಲ. ಇನ್ನೂ ಆರು ಪ್ರಶ್ನೆ ಬಾಕಿ ಇದ್ದವು. ಅವಳಿಗೆ ಬೆನ್ನು ಮಾಡಿ ಕೂತು ಟೈಪ್ ಮಾಡತೊಡಗಿದೆ.