ಖಾಲಿ ಕೊಡಬಾರದೆಂದು

ಶಹಾಪುರದ ನಮ್ಮ ಮನೆಯ ಹಳೆ ಕಂಪ್ಯೂಟರಿಗೆ ಅಣ್ಣ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ ದಿನ ನಾನು ಜಗಳಕ್ಕೇ ನಿಂತೆ. ಹಾಕುವುದೇನೋ ಸಲೀಸು, ಪೆನ್‌ಡ್ರೈವ್ ಚುಚ್ಚಿ, ಎರಡು ಸಲ ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಬಳಸುವವಳು ನಾನಲ್ಲವೇ? ಕಾಲೇಜಿನಲ್ಲಿ ಕಲಿತದ್ದು ವಿಂಡೋಸ್. ಇದರಲ್ಲಿ ಕನ್ನಡ ಟೈಪ್ ಮಾಡುವ ರೀತಿಯೂ ಬೇರೆ, ಪ್ರಿಂಟರ್ ಹುಡುಕುವ ಜಾಗವೂ ಬೇರೆ.

"ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ," ಎಂದು ನಕ್ಕ. ಕಡೇಚೂರಿನ ಕಾರ್ಖಾನೆಯಲ್ಲಿ ಅವನ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ತಾನಿಲ್ಲದಾಗ ನಾನು ಪರದಾಡಬಾರದೆಂದು ಒಂದೊಂದನ್ನೂ ಬಾಯಲ್ಲಿ ಹೇಳಿ ಅದೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟ. "ತಂಗೀ, ಎಡಗಡಿ ಮ್ಯಾಲಿನ ಮೂಲ್ಯಾಗ ಒತ್ತು. ಗಡಬಡಿ ಮಾಡಬ್ಯಾಡ. ಬರ್ತದ, ತಡಿ."

ಆಮೇಲೆ ಸೈದಾಪುರದ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು. ಅಣ್ಣ ಹೋಗಿಬಿಟ್ಟ.

ಅವನ ದನಿ ಉಳಿದದ್ದು ಆ ಪಾಠಗಳಲ್ಲಿ ಮಾತ್ರ. ಮಧ್ಯಾಹ್ನ ಊಟ ಮುಗಿಸಿ ಅವ್ವ ಕಂಪ್ಯೂಟರಿನ ಮುಂದೆ ಕೂರುವಳು. "ಅವನ ಮಾತು ಹಚ್ಚವಾ." ಪ್ರಿಂಟರ್ ಅಂದರೇನೆಂದೇ ತಿಳಿಯದ ಆಕೆ ಅವನು ಹೇಳಿದ್ದಕ್ಕೆಲ್ಲ ಹೂಂಗುಟ್ಟುವಳು. ನಾನು ದಿನಾ ಹಚ್ಚುತ್ತಿದ್ದೆ.

ಒಂದು ದಿನ ಕಂಪ್ಯೂಟರ್ ಚಾಲೂ ಆಗಲೇ ಇಲ್ಲ. ನಾನು ಪರೀಕ್ಷೆಗೆಂದು ಹೊರಗೆ ಹೋಗಿದ್ದಾಗ ಅವ್ವನ ತಮ್ಮ, ಸುರಪುರದ ನಮ್ಮ ಮಾಮಾ, ಅದನ್ನು ತನ್ನೂರಿನ ಅಂಗಡಿಗೆ ಒಯ್ದ. ರಿಪೇರಿ ಮಾಡಿಸಿ ಹೊತ್ತು ತಂದ. ಅದಕ್ಕೆ ವಿಭೂತಿ ಬೇರೆ ಹಚ್ಚಿದ್ದ.

"ಒಳಗ ಏನೇನೋ ತುಂಬಿತ್ತಂತ. ಎಲ್ಲಾ ತೊಳಿಸಿ ವಿಂಡೋಸ್ ಹಾಕ್ಸೀನಿ. ನೀನೂ ಅದೇ ಬೇಕಂತಿದ್ದಿ, ಹೌದಿಲ್ಲ? ಮತ್ತ ಖಾಲಿ ಹೆಂಗ ತರೂದು? ಹಿಡಿಯೂ ಅಷ್ಟು ಹಾಡು ತುಂಬಿಸೀನಿ."

ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ತೊಳೆದು, ಹಿಡಿ ಸಕ್ಕರೆಯನ್ನೋ ಜೋಳವನ್ನೋ ಹಾಕಿ ಕೊಡುತ್ತಾರೆ. ಮಾಮಾ ಮಾಡಿದ್ದೂ ಅಷ್ಟೇ. ನನಗೆ ಮಾತ್ರ ಅವನ ಕುತ್ತಿಗೆ ಹಿಸುಕಬೇಕೆನಿಸಿತು. ಬಾಯಿ ತೆರೆಯುವಷ್ಟರಲ್ಲಿ ಅವ್ವ, "ಮಾಮಾಗ ರೊಟ್ಟಿ ನೀಡು ಹೋಗು," ಎಂದಳು.

ಮರುದಿನ ಅದನ್ನು ಹೊತ್ತು ಯಾದಗಿರಿಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ ಅಣ್ಣನ ಪಾಠಗಳಿಗಾಗಿ ಸಾಕಷ್ಟು ಹೊತ್ತು ಹುಡುಕಿದ. "ಬರೇ ಅಳಿಸಿ ಬಿಟ್ಟಿದ್ರ ಏನಾದ್ರೂ ತಗೀಬಹುದಿತ್ರಿ ಅಕ್ಕಾರ. ಅದರ ಮ್ಯಾಲ ಇಷ್ಟು ಹಾಡು ತುಂಬ್ಯಾರ. ಇನ್ನ ಸಿಗಂಗಿಲ್ರಿ." ಖಾಲಿ ತಂದಿದ್ದರೆ ಅಣ್ಣ ಸಿಗುತ್ತಿದ್ದ. ಬಸ್ಸಿನಲ್ಲಿ ಅತ್ತುಬಿಟ್ಟೆ.

ಮನೆಗೆ ಬಂದು ಕಂಪ್ಯೂಟರ್ ಜೋಡಿಸುತ್ತಲೇ ಅವ್ವ ಅದರ ಮುಂದೆ ಕೂತಳು. ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡಳು, ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ.

"ಅಂವ ಹೇಳಿದಂಗ ಮಾಡಿ ನೋಡು. ಎಡಗಡಿ ಮ್ಯಾಲಿನ ಮೂಲ್ಯಾಗ ಒತ್ತು. ಗಡಬಡಿ ಮಾಡಬ್ಯಾಡ."

ಒತ್ತಿದೆ. ವಿಂಡೋಸಿನಲ್ಲಿ ಆ ಮೂಲೆಯಲ್ಲಿರುವುದು ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿ. ತೆರೆಯಿತು. ಒಳಗೆ ಏನೂ ಇರಲಿಲ್ಲ.

"ಬರ್ತದ, ತಡಿ," ಎಂದಳು ಅವ್ವ.